ಪರದೆಯೊಳಗಿನ ಹಳೆಯ ವಾದ್ಯಗಳು

ಸಿಂಥಸೈಜರ್ ಎಂದರೆ ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ವಾದ್ಯ. ಆಸಿಲೇಟರ್ ಒಂದು ಒರಟು ಧ್ವನಿ ಕೊಡುತ್ತದೆ. ಫಿಲ್ಟರ್ ಅದರ ಚೂಪನ್ನು ಸೋಸಿ ಹದಗೊಳಿಸುತ್ತದೆ. ಒಂದು ಕಾಲಕ್ಕೆ ಕೋಣೆಯ ಮೂಲೆಯನ್ನೇ ಆಕ್ರಮಿಸುತ್ತಿದ್ದ ಈ ವಾದ್ಯ ಇಂದು ಲ್ಯಾಪ್‌ಟಾಪಿನೊಳಗೆ ಹಿಡಿಸುತ್ತದೆ.

ಇದಕ್ಕೆ ದಾರಿ ತೆರೆದದ್ದು ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ. 1996ರಲ್ಲಿ ಅದು ತಂದ ವಿಎಸ್‌ಟಿ ವ್ಯವಸ್ಥೆ ಧ್ವನಿಮುದ್ರಣದ ಸಾಫ್ಟ್‌ವೇರಿಗೆ ಪ್ಲಗಿನ್ ಎಂಬ ಸೇರ್ಪಡೆ ತಂತ್ರಾಂಶಗಳನ್ನು ಜೋಡಿಸಲು ಅವಕಾಶ ಕೊಟ್ಟಿತು. 1999ರ ಎರಡನೇ ಆವೃತ್ತಿಯೊಂದಿಗೆ ವಾದ್ಯಗಳೇ ಪ್ಲಗಿನ್‌ಗಳಾದವು.

ಆ ತಲೆಮಾರಿನ ಅಚ್ಚುಮೆಚ್ಚಿನ ಹೆಸರು ಸಿಂಥ್1. ಜಪಾನಿನ ಇಚಿರೊ ತೋಡಾ ಇದನ್ನು ಸ್ವೀಡನ್ನಿನ ನಾರ್ಡ್ ಲೀಡ್ 2 ವಾದ್ಯದ ಮಾದರಿಯಲ್ಲಿ ರೂಪಿಸಿ ಉಚಿತವಾಗಿ ಹಂಚಿದರು. ಕಂಪ್ಯೂಟರಿಗೆ ಹೊರೆಯಾಗದ ಈ ಪ್ಲಗಿನ್, ದುಬಾರಿ ವಾದ್ಯ ಕೊಳ್ಳಲಾಗದ ಸಾವಿರಾರು ಹೊಸಬರಿಗೆ ಮೊದಲ ಪಾಠಶಾಲೆಯಾಯಿತು.

ಆದರೆ ಸಾಫ್ಟ್‌ವೇರಿಗೂ ಮುಪ್ಪು ಬರುತ್ತದೆ. 2019ರಲ್ಲಿ ಆಪಲ್‌ನ ಕ್ಯಾಟಲಿನಾ ಎಂಬ ಮ್ಯಾಕ್ ಕಾರ್ಯಾಚರಣಾ ವ್ಯವಸ್ಥೆ ಹಳೆಯ ಮಾದರಿಯ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ, ನವೀಕರಣವಿಲ್ಲದ ಎಷ್ಟೋ ಪ್ಲಗಿನ್‌ಗಳು ಅದರಲ್ಲಿ ಮೂಕವಾದವು. ಮರದ ವೀಣೆಯನ್ನು ದುರಸ್ತಿ ಮಾಡಬಹುದು. ಮೂಲ ಸಂಕೇತ (ಸೋರ್ಸ್ ಕೋಡ್) ಕೈಗೆ ಸಿಗದ ಪ್ಲಗಿನ್ನನ್ನು ರಿಪೇರಿ ಮಾಡುವುದು ಬಲು ಕಷ್ಟ.

ಸರ್ಜ್ ಎಂಬ ಪ್ಲಗಿನ್‌ನ ಕಥೆ ಬೇರೆ. ಅದನ್ನು ಬರೆದ ಕ್ಲಾಸ್ ಯೊಹಾನ್ಸನ್ 2018ರಲ್ಲಿ ಮೂಲ ಸಂಕೇತವನ್ನು ಎಲ್ಲರಿಗೂ ಮುಕ್ತಗೊಳಿಸಿದರು. ಸ್ವಯಂಸೇವಕರು ಅದನ್ನು ತಿದ್ದಿ ಬೆಳೆಸಿದರು. ಹಣ ಕೊಟ್ಟು ಕೊಳ್ಳಬೇಕಿದ್ದ ಆ ವಾದ್ಯ ಈಗ ಸರ್ಜ್ ಎಕ್ಸ್‌ಟಿ ಎಂಬ ಹೆಸರಿನಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ನುಡಿಯುತ್ತಿದೆ.