ಮನೆಬಾಗಿಲ ಆರೋಗ್ಯಸೇವೆ: ಫಲವನ್ನು ಅಳೆಯುವ ಬಗೆ

ರಕ್ತದೊತ್ತಡ, ಮಧುಮೇಹದಂತಹ ದೀರ್ಘಕಾಲೀನ ಕಾಯಿಲೆಗಳಿಗೆ ಮನೆಭೇಟಿ, ತಿಳಿವಳಿಕೆ ಹಾಗೂ ವೈದ್ಯರ ನಿಗಾ ಒಂದುಗೂಡಿದ ಸೇವೆ ಅವಶ್ಯಕ. ಕಾರ್ಮಿಕರಿಗಾಗಿ ಇಂತಹ ಯೋಜನೆಗೆ ಹಣ ತೊಡಗಿಸುವ ಉದ್ಯಮಿಗಳು ಅದರ ಫಲವನ್ನು ಅಳೆಯುವುದೆಂತು? ಶಿಬಿರಕ್ಕೆ ಬಂದವರ ತಲೆ ಎಣಿಸುವುದು ಅಳತೆಯಲ್ಲ.

2020ರಲ್ಲಿ ಪ್ರಕಟವಾದ ‘ಕೋಬ್ರಾ-ಬಿಪಿಎಸ್’ ಅಧ್ಯಯನವನ್ನು ಗಮನಿಸಬಹುದು. ಪಾಕಿಸ್ತಾನ, ಬಾಂಗ್ಲಾದೇಶ ಹಾಗೂ ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳ 2,645 ರೋಗಿಗಳು ಅದರಲ್ಲಿದ್ದರು. ಚೀಟಿ ಎತ್ತಿದಂತೆ ಆಯ್ದ ಅರ್ಧದಷ್ಟು ಸಮುದಾಯಗಳಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತರು ಮನೆಗೆ ತೆರಳಿ ರಕ್ತದೊತ್ತಡ ಅಳೆದು, ಸಲಹೆ ನೀಡಿ, ಅಗತ್ಯವಿದ್ದವರನ್ನು ತರಬೇತಿ ಪಡೆದ ವೈದ್ಯರ ಬಳಿಗೆ ಕಳುಹಿಸಿದರು; ಉಳಿದೆಡೆ ಎಂದಿನ ಸೇವೆಯೇ ಮುಂದುವರಿಯಿತು. ಎರಡು ವರ್ಷಗಳ ತರುವಾಯ ಮೊದಲ ಗುಂಪಿನಲ್ಲಿ ಒತ್ತಡದ ಮೇಲಿನ ಅಂಕಿ ಸರಾಸರಿ 9 ಮಿ.ಮೀ. ಇಳಿದಿತ್ತು. ಆದರೆ ಎರಡನೆಯ ಗುಂಪಿನಲ್ಲೂ 3.9 ಇಳಿದಿತ್ತು! ಹೆಚ್ಚಿನ ಅಂಕಿಯುಳ್ಳವರನ್ನೇ ಆಯ್ದಾಗ ಮುಂದಿನ ಅಳತೆ ತಾನಾಗಿಯೇ ತುಸು ತಗ್ಗುವುದುಂಟು. ಹಬ್ಬದ ತಿಂಗಳ ವ್ಯಾಪಾರವೆಲ್ಲ ಜಾಹೀರಾತಿನ ಫಲವೆಂದು ಯಾವ ವರ್ತಕನೂ ಬರೆದುಕೊಳ್ಳನಷ್ಟೆ. ಯೋಜನೆಯ ನಿಜವಾದ ಗಳಿಕೆ ಸುಮಾರು 5. ಹೃದಯಾಘಾತ, ಪಾರ್ಶ್ವವಾಯುಗಳ ದೃಷ್ಟಿಯಿಂದ ಇದು ಅಲ್ಪವೇನಲ್ಲ.

ಎರಡು ಘಟಕಗಳುಳ್ಳ ಸದಸ್ಯರು ಎರಡರಲ್ಲೂ ಮೊದಲೇ ಅಳತೆ ಮಾಡಿಸಿ, ಸೇವೆಯನ್ನು ಒಂದರಲ್ಲಿ ಈಗ, ಇನ್ನೊಂದರಲ್ಲಿ ಆರು ತಿಂಗಳ ನಂತರ ಆರಂಭಿಸಿದರೆ ಹೋಲಿಕೆಗೆ ಬೇಕಾದ ಅಂಕಿಗಳು ಹೆಚ್ಚು ಖರ್ಚಿಲ್ಲದೆ ದೊರೆಯುತ್ತವೆ.