ಬ್ಯಾಂಕಿನಲ್ಲಿ ಯುನಿಕ್ಸ್, ಅಂಗಡಿಯಲ್ಲಿ ವಿಂಡೋಸ್

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೊಗರಿ ವ್ಯಾಪಾರಿಗಳಲ್ಲಿ ಗಣಕಯಂತ್ರವೆಂದರೆ ಸಾಮಾನ್ಯವಾಗಿ ವಿಂಡೋಸ್, ಲೆಕ್ಕವೆಂದರೆ ಟ್ಯಾಲಿ. ಬ್ಯಾಂಕುಗಳ ದಾರಿ ಬೇರೆಯಾಗಿತ್ತು. 1984ರ ರಂಗರಾಜನ್ ಸಮಿತಿಯ ವರದಿಯ ತರುವಾಯ ಗಣಕೀಕರಣಕ್ಕೆ ತೊಡಗಿದ ಬ್ಯಾಂಕುಗಳಲ್ಲಿ ನೆಲೆಯೂರಿದ್ದು ಯುನಿಕ್ಸ್. ಒಂದೇ ಯಂತ್ರಕ್ಕೆ ಹಲವು ಟರ್ಮಿನಲ್‌ಗಳನ್ನು ಜೋಡಿಸಿ ಅನೇಕ ಗುಮಾಸ್ತರು ಏಕಕಾಲದಲ್ಲಿ ಕೆಲಸ ಮಾಡಬಹುದು. ಯಾರು ಯಾವ ಕಡತ ಮುಟ್ಟಬೇಕೆಂಬುದನ್ನು ಕಟ್ಟುನಿಟ್ಟಾಗಿ ಗೊತ್ತುಪಡಿಸಬಹುದು.

ಹಾಗಾದರೆ ವ್ಯಾಪಾರಿಯೂ ಯುನಿಕ್ಸ್ ಮಾದರಿಯ, ಉಚಿತವಾಗಿ ದೊರೆಯುವ ಲಿನಕ್ಸ್ ಅನ್ನು ಏಕೆ ಅಳವಡಿಸಿಕೊಳ್ಳಬಾರದು? ಅಡ್ಡಿಯಾಗುವುದು ಟ್ಯಾಲಿಯೇ. ಬೆಂಗಳೂರಿನ ಈ ತಂತ್ರಾಂಶಕ್ಕೆ ಲಿನಕ್ಸಿನ ನೇರ ಆವೃತ್ತಿಯಿಲ್ಲ. ಮುನೀಮರು ಕಲಿತಿರುವುದೂ ಲೆಕ್ಕ ಪರಿಶೋಧಕರು ಕೇಳುವುದೂ ಅದನ್ನೇ. ಇಲ್ಲಿ ತಂತ್ರಾಂಶವೇ ಯಂತ್ರವನ್ನು ಆರಿಸುತ್ತದೆ.

ಯಂತ್ರದ ಜಾತಿಗಿಂತ ಅದು ಇರುವ ಜಾಗ ಮುಖ್ಯವೆಂಬುದನ್ನು ಈ ಜಿಲ್ಲೆ ಹಿಂದೆಯೇ ಕಂಡಿದೆ. ರಾಜ್ಯದಲ್ಲಿ ಭೂದಾಖಲೆ ಗಣಕೀಕರಣದ ಪ್ರಾಯೋಗಿಕ ಯೋಜನೆ 1991ರಲ್ಲಿ ಆರಂಭವಾದದ್ದು ಅಂದಿನ ಗುಲಬರ್ಗಾ ಜಿಲ್ಲೆಯಲ್ಲಿ. 1996ರಲ್ಲಿ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ಪಹಣಿಯ ತಿದ್ದುಪಡಿ ನಡೆಯುವ ತಾಲ್ಲೂಕು ಕಚೇರಿಗೇ ಗಣಕಯಂತ್ರ ಒದಗಿಸುವ ಅವಕಾಶ ಅದರಲ್ಲಿರಲಿಲ್ಲ! ಆ ಕೊರತೆಯನ್ನು ನೀಗಿದ್ದು 'ಭೂಮಿ' ಯೋಜನೆ. ಎನ್‌ಐಸಿ ರೂಪಿಸಿದ ಅದರ ತಂತ್ರಾಂಶ ಯುನಿಕ್ಸ್ ಬಿಟ್ಟು ವಿಂಡೋಸ್ ಎನ್‌ಟಿಯನ್ನು ನೆಚ್ಚಿತು. ಆರಂಭದಲ್ಲಿ 15 ರೂಪಾಯಿಗೆ ಕನ್ನಡದ ಪಹಣಿ ರೈತನ ಕೈಸೇರಿತು. ಯುನಿಕ್ಸ್ ಪಕ್ಷಪಾತಿಗಳಿಗೆ ಇದು ರುಚಿಸದಿರಬಹುದು.

ವ್ಯವಸ್ಥೆ ಬದಲಿಸಹೊರಟ ದಾಲ್ ಮಿಲ್ ಮಾಲೀಕರು ಮಾರಾಟಗಾರನನ್ನು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಹಳೆಯ ಖಾತೆಗಳು ಹೊಸದರಲ್ಲಿ ತೆರೆದುಕೊಳ್ಳುವವೇ? ತೊಗರಿ ಹಂಗಾಮಿನ ನಡುವೆ ಕೆಟ್ಟು ನಿಂತರೆ ಜೇವರ್ಗಿಗೆ ಬಂದು ಸರಿಪಡಿಸುವವರು ಯಾರು?