ಮೊನೆ ಹಿಡಿಯುವ ದ್ರವ

ಮೊಬೈಲ್ ಚಿಪ್ಪಿನೊಳಗೆ ಒಂದು ಟ್ರಾನ್ಸಿಸ್ಟರ್ ಕೆಟ್ಟಿದೆ ಎನ್ನಿ. ಅದನ್ನು ಸೀಳಿ ನೋಡಲು ಯಾವ ಅಲಗೂ ಸಾಲದು. ಅಲ್ಲಿ ಬೇಕಾಗುವುದು ಕೆಲವೇ ನ್ಯಾನೊಮೀಟರ್ ದಪ್ಪದ ಗ್ಯಾಲಿಯಂ ಅಯಾನು ಕಿರಣ. ಅದು ಹುಟ್ಟುವ ಪುಟ್ಟ ಸಾಧನವೇ ದ್ರವಲೋಹದ ಅಯಾನು ಸೋರ್ಸ್.

ಟಂಗ್‌ಸ್ಟನ್ ತಂತಿಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ, ವಿದ್ಯುತ್ ಹಾಯಿಸಿ ಸವೆಸಿದರೆ ಸೂಜಿ ಸಿದ್ಧ. ತುದಿ ಕೆಲವು ಮೈಕ್ರಾನ್ ದುಂಡಗಿದ್ದರೂ ನಡೆಯುತ್ತದೆ. ಮೈ ಮಾತ್ರ ನುಣುಪಾಗಿರಬಾರದು. ಉದ್ದಕ್ಕೂ ಇರುವ ಗೀರುಗಳಲ್ಲೇ ಲೋಹ ಹರಿದು ತುದಿ ಮುಟ್ಟಬೇಕು. ಸೂಜಿಯನ್ನು ಫಿಲಮೆಂಟಿಗೆ ಬೆಸೆದು, ಅಲ್ಲೊಂದು ಹನಿ ಗ್ಯಾಲಿಯಂ ನಿಲ್ಲಿಸುತ್ತಾರೆ. ಈ ಲೋಹ ಅಂಗೈ ಬಿಸಿಗೇ, 29.8 ಡಿಗ್ರಿಗೆ, ಕರಗುತ್ತದೆ; ನಿರ್ವಾತದಲ್ಲಿ ಸುಲಭಕ್ಕೆ ಆವಿಯಾಗುವುದಿಲ್ಲ.

ಎದುರಿಗೆ ತೂತುಳ್ಳ ಎಕ್ಸ್‌ಟ್ರಾಕ್ಟರ್ ತಟ್ಟೆ. ನಡುವೆ ಏಳೆಂಟು ಸಾವಿರ ವೋಲ್ಟ್ ಹಾಕಿದರೆ ವಿದ್ಯುತ್ತಿನ ಸೆಳೆತಕ್ಕೂ ದ್ರವದ ಮೇಲ್ಮೈ ಎಳೆತಕ್ಕೂ ಜಗ್ಗಾಟ ಹತ್ತಿ, ಗ್ಯಾಲಿಯಂ ಶಂಕುವಿನಂತೆ ಎದ್ದು ನಿಲ್ಲುತ್ತದೆ. ಇಂಥ ಶಂಕುವಿನ ಅರ್ಧಕೋನ 49.3 ಡಿಗ್ರಿ ಎಂದು ಬ್ರಿಟನ್ನಿನ ಜಿ.ಐ. ಟೇಲರ್ 1964ರಲ್ಲಿ ಲೆಕ್ಕ ಹಾಕಿದ್ದರು. ಅದರ ಶಿಖರ ಸೂಜಿಗಿಂತ ಸಾವಿರಪಟ್ಟು ಚೂಪು. ಅಯಾನುಗಳು ಕಿತ್ತು ಹಾರುವುದು ಅಲ್ಲಿಂದ. 1975ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಕ್ರೋನ್ ಮತ್ತು ರಿಂಗೊ ಇಂಥ ಸೋರ್ಸಿನ ಪ್ರಖರತೆಯನ್ನು ತೋರಿಸಿಕೊಟ್ಟರು.

ದ್ರವ ತಾನೇ ಮೊನೆ ಮಾಡಿಕೊಳ್ಳುವುದರಿಂದ, ವಿನ್ಯಾಸಕಾರರ ತಲೆನೋವೆಲ್ಲ ಸುತ್ತಲಿನದು. ಹೊರಡುವ ಕರೆಂಟ್ ಬರೀ ಎರಡು ಮೈಕ್ರೊಆಂಪಿಯರ್ ಆಸುಪಾಸು. ಆದರೆ ನೆಲಕ್ಕೆ ಹೋಲಿಸಿದರೆ ಸೂಜಿ ಕೂತಿರುವುದು ಸಾಮಾನ್ಯವಾಗಿ 30 ಸಾವಿರ ವೋಲ್ಟ್ ಮೇಲೆ. ಫಿಲಮೆಂಟಿನ ಹೀಟರ್ ಸಪ್ಲೈ ಕೂಡ ಅಷ್ಟೇ ಎತ್ತರದಲ್ಲಿರಬೇಕು. ಹಾಗಾಗಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. ಕಿಡಿ ಹಾರದಂತೆ ಲೋಹದ ಅಂಚುಗಳನ್ನೆಲ್ಲ ಉರುಟು ಮಾಡುತ್ತಾರೆ. ಸಿಡಿದ ಲೋಹ ಸೆರಾಮಿಕ್ ಇನ್ಸುಲೇಟರಿಗೆ ಮೆತ್ತಿಕೊಂಡರೆ ಕರೆಂಟ್ ಸೋರುತ್ತದೆ; ಹಾಗಾಗಿ ಇನ್ಸುಲೇಟರನ್ನು ಮರೆಯಲ್ಲಿಡುತ್ತಾರೆ. ತುದಿಗೆ ಕೊಳೆ ಕೂತು ಕರೆಂಟ್ ಓಲಾಡತೊಡಗಿದರೆ, ಆಪರೇಟರ್ ಸ್ವಲ್ಪ ಹೊತ್ತು ಸೋರ್ಸನ್ನು ‘ಹೀಟ್’ ಮಾಡುತ್ತಾರೆ. ಹೊಸ ಲೋಹ ಹರಿದು ಬರುತ್ತದೆ.

ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲೂ ಈ ಕಿರಣದಿಂದ ಕೊರೆಯುವ ಯಂತ್ರವಿದೆ. ಇದೇ ತತ್ವದ ಇಂಡಿಯಂ ಸೂಜಿಗಳು 2015ರಲ್ಲಿ ನಾಸಾದ ನಾಲ್ಕು ಎಂಎಂಎಸ್ ನೌಕೆಗಳೊಂದಿಗೆ ಬಾಹ್ಯಾಕಾಶಕ್ಕೂ ಹೋದವು. ಬಿಸಿಲಿಗೆ ನೌಕೆಯ ಮೈಯಲ್ಲಿ ಸೇರುವ ಧನ ವಿದ್ಯುದಂಶವನ್ನು ಅಯಾನುಗಳ ರೂಪದಲ್ಲಿ ಹೊರಹಾಕಿ, ಅಳತೆ ಉಪಕರಣಗಳ ಲೆಕ್ಕ ತಪ್ಪದಂತೆ ಕಾಯುವುದು ಅವುಗಳ ಕೆಲಸ.